ಸಂಪಾದಕರ ಉತ್ತರ: ಆ ಸಿಲ್ವರ್ ಓಕ್ ಎಲ್ಲಿ ಹೋಯ್ತು?

ಗೋಣಿಕೊಪ್ಪದ ಓದುಗರೊಬ್ಬರ ಪತ್ರ: "ಮಗಳ ಬಾಣಂತನಕ್ಕೆಂದು ಮೇ ತಿಂಗಳಲ್ಲಿ ಬ್ರಿಸ್ಬೇನ್‌ಗೆ ಹೋಗಿ ಆರು ತಿಂಗಳಿದ್ದು ಬಂದೆ. ಊರಲ್ಲಿ ಯಾರಿಗೂ ನನ್ನ ಆಸ್ಟ್ರೇಲಿಯಾ ಬೇಡ. ನೀವಾದರೂ ಹಾಕ್ತೀರಿ ಅಂತ ನಲವತ್ತು ಪುಟ ಬರೆದು ಕಳಿಸಿದರೆ ಹಾಗೇ ವಾಪಸ್ ಬಂತು. ಯಾಕೆ?"

ಅಕ್ಕಾ, ಬೈದದ್ದು ಸರಿ. ಕಾರಣ ಬರೆಯದೆ ವಾಪಸ್ ಕಳಿಸಬಾರದಿತ್ತು, ತಪ್ಪು ನನ್ನದೇ. ಈಗ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಮೊದಲು ಊರಿನವರ ವಿಷಯ. "ಚಳಿ ಇತ್ತಾ, ಟಿಕೆಟ್ ಎಷ್ಟು" ಅಂತ ಎರಡು ಮಾತು ಕೇಳಿ, ನೀವು ಬಾಯಿ ತೆರೆಯುವಷ್ಟರಲ್ಲಿ ಕಾಳುಮೆಣಸಿನ ರೇಟಿಗೆ ಹೋದರು ಅಂದಿರಿ. ನೀವು ಬಂದಿಳಿದದ್ದು ನವೆಂಬರ್‌ನಲ್ಲಿ ಅಲ್ವಾ? ಅರೇಬಿಕಾ ಕಾಫಿ ಹಣ್ಣಾಗಿದೆ, ಕುಯ್ಲಿಗೆ ಆಳು ಸಿಗುತ್ತಿಲ್ಲ, ಪುತ್ತರಿ ಹಬ್ಬ ಬೇರೆ ಹತ್ತಿರ. ಆಗ ಚಂದ್ರನ ಮೇಲಿಂದ ಬಂದರೂ ಇಷ್ಟೇ ಕೇಳುತ್ತಾರೆ. ಬೇಜಾರು ಮಾಡ್ಕೋಬೇಡಿ.

ಇನ್ನು ನಿಮ್ಮ ನಲವತ್ತು ಪುಟ. ಅದರಲ್ಲಿ ಹನ್ನೊಂದು ಪುಟ ಸಿಡ್ನಿಯ ಒಪೆರಾ ಹೌಸ್. 1973ರಲ್ಲಿ ಉದ್ಘಾಟನೆ, ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಮಾಡಿದ ವಿನ್ಯಾಸ, ಚಾವಣಿಗೆ ಹತ್ತು ಲಕ್ಷಕ್ಕೂ ಜಾಸ್ತಿ ಹೆಂಚು. ಎಲ್ಲ ಸರಿ, ಆದರೆ ಇದು ಮೊಬೈಲಿನಲ್ಲಿ ಯಾರಿಗೂ ಸಿಗುತ್ತೆ. (ಉಟ್ಸನ್ 1966ರಲ್ಲೇ ಜಗಳವಾಗಿ ಕೆಲಸ ಬಿಟ್ಟು ಹೋದವರು, ಮುಗಿದ ಕಟ್ಟಡವನ್ನು ನೋಡಲು ಒಮ್ಮೆಯೂ ಬರಲಿಲ್ಲ. ಬರೆಯುವುದಾದರೆ ಅದನ್ನು ಬರೆಯಬೇಕಿತ್ತು!) ನಾನೇನು ಸಾಚಾ ಅಲ್ಲ. ಮಗನ ಮನೆಗೆಂದು ಟೊರೊಂಟೊಗೆ ಹೋಗಿ ಬಂದು ನಯಾಗರಾ ಬಗ್ಗೆ ಪುಟಗಟ್ಟಲೆ ಬರೆದಿದ್ದೆ. ಈಗ ಓದಿದರೆ ನೀರು ಬೀಳುವ ಸದ್ದು ಬಿಟ್ಟು ಬೇರೇನೂ ಇಲ್ಲ. ನಿಜವಾಗಿ ನೆನಪಿರುವುದು ಅವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ ಮುಂದೆ, ನಾಣ್ಯ ಹಿಡಿದುಕೊಂಡು ಪಾಳಿಗೆ ಕೂತಿದ್ದು. ಅದನ್ನು ಬರೆಯಲು ಅವತ್ತು ನಾಚಿಕೆ ಆಯ್ತು.

ನೀವೂ ಅದನ್ನೇ ಮಾಡಿದ್ದೀರಿ. ಮೊನ್ನೆ ಬಂದ ಬೈಗುಳದ ಪತ್ರದ ಕೊನೆಗೆ, ಸುಮ್ನೆ ಜಾಗ ಉಳಿಯಿತು ಅಂತ ನಾಲ್ಕು ಸಾಲು ಸೇರಿಸಿದ್ದೀರಲ್ಲ, ಅಕ್ಟೋಬರ್‌ನಲ್ಲಿ ಮಗಳ ಮನೆ ಹತ್ತಿರದ ಪಾರ್ಕಿನಲ್ಲಿ ಮೈತುಂಬ ಕೇಸರಿ ಹೂ ಬಿಟ್ಟ ಮರವೊಂದನ್ನು ಕಂಡು, ಎಲೆ ಕಿತ್ತು ತಿರುಗಿಸಿ ಹಿಂಬದಿಯ ಬೆಳ್ಳಿ ಬಣ್ಣ ನೋಡಿದ ಮೇಲೆ "ಅಯ್ಯೋ ಇದು ನಮ್ಮ ಸಿಲ್ವರ್!" ಅಂತ ಕೂಗಿದಿರಿ ಅಂತ. ನಲವತ್ತು ಪುಟದಲ್ಲಿ ಅದು ಎಲ್ಲೂ ಇಲ್ಲ. ನಮ್ಮ ತೋಟಗಳ ಸಿಲ್ವರ್ ಓಕ್ ಮೂಲತಃ ಆ ಕಡೆಯದೇ, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ಮತ್ತು ಪಕ್ಕದ ನ್ಯೂ ಸೌತ್ ವೇಲ್ಸ್ ರಾಜ್ಯಗಳ ಕಾಡಿನದು. ಬ್ರಿಟಿಷರ ಕಾಲದಲ್ಲಿ ನೆರಳಿಗೆ ಅಂತ ಇಲ್ಲಿಗೆ ಬಂತು. ನಾವು ಅದರ ಕೊಂಬೆ ಕಪಾತು ಮಾಡಿ, ಮೆಣಸಿನ ಬಳ್ಳಿ ಹಬ್ಬಿಸಿ, ಕಂಬದ ಹಾಗೆ ನಿಲ್ಲಿಸಿಕೊಂಡಿದ್ದೇವೆ. ನಲವತ್ತು ವರ್ಷ ಅದರ ಬುಡದಲ್ಲೇ ಓಡಾಡಿದ ನೀವು, ತವರಲ್ಲಿ ಅದು ಹೇಗಿರುತ್ತೆ ಅಂತ ನೋಡಿ ಬಂದಿದ್ದೀರಿ. ಆ ಹೂವಿನ ಜೇನಿಗೆ ಬಣ್ಣಬಣ್ಣದ ಲೋರಿಕೀಟ್ ಗಿಳಿಗಳು ಮುತ್ತಿಕೊಂಡು ಗಲಾಟೆ ಮಾಡುತ್ತವೆ, ಅದನ್ನೂ ನೋಡಿರಬೇಕು. ಬರೆದಿಲ್ಲ ಅಷ್ಟೇ.

ದೋಣಿಯ ಕತೆ ಕೂಡ ಬೇಕು. 2024ರ ಆಗಸ್ಟ್‌ನಿಂದ ಅಲ್ಲಿ ಬಸ್ಸು, ರೈಲು, ದೋಣಿ ಯಾವುದು ಹತ್ತಿದರೂ 50 ಸೆಂಟ್ ತಾನೇ, ನಮ್ಮ ಮೂವತ್ತು ರೂಪಾಯಿ ಹತ್ತಿರ. ಮಗು ಮಲಗಿದಾಗ ಮಗಳಿಗೂ ಹೇಳದೆ ಒಬ್ಬರೇ ದೋಣಿ ಹತ್ತಿ ನದಿಯುದ್ದಕ್ಕೂ ಹೋಗಿ ಬರುತ್ತಿದ್ದಿರಂತೆ. ಅದಕ್ಕೆ ಕೊಟ್ಟಿದ್ದು ಒಂದೇ ಸಾಲು! ಹಿತ್ತಲಿಗೆ ಬಂದು ಗಿಡದ ಬುಡ ಕೆದಕುವ ಬುಷ್ ಟರ್ಕಿ ಅನ್ನುವ ಕಾಡುಹಕ್ಕಿಯನ್ನು ಕಾನೂನು ಪ್ರಕಾರ ಮುಟ್ಟುವ ಹಾಗಿಲ್ಲ ಅಂತ ಅಳಿಯ ಹೇಳಿದಾಗ ನಮ್ಮ ಆನೆಗಳು ನೆನಪಾದವು ಅಂದಿದ್ದು ಚೆನ್ನಾಗಿದೆ, ಇರಲಿ.

ಮೂರು ಪುಟ ಸಾಕು. ಸಂಕ್ರಾಂತಿಯೊಳಗೆ ಕಳಿಸಿ, ಒಪೆರಾ ಹೌಸ್ ಬೇಡ. ಆಮೇಲೆ ಇನ್ನೊಂದು: ಏರ್‌ಪೋರ್ಟಿನ ತಪಾಸಣೆಯಲ್ಲಿ ಅಧಿಕಾರಿ ನಮ್ಮ ಹಂದಿ ಸಾರಿನ ಹುಳಿ, ಕಾಚಂಪುಳಿ ಬಾಟಲಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದ ಅಂತ ಬರೆದು ಅಲ್ಲಿಗೇ ನಿಲ್ಲಿಸಿ, ಮುಂದಿನ ಪ್ಯಾರಾದಲ್ಲಿ ಸೀದಾ ಮಗಳ ಮನೆ ತಲುಪಿಬಿಟ್ಟಿದ್ದೀರಿ. ಬಿಟ್ಟನಾ, ಚೆಲ್ಲಿಸಿದನಾ?