ಆ ಮೂರು ಸಾಲುಗಳಲ್ಲಿ ಮನುಷ್ಯರೇ ಇಲ್ಲ

ಚಿತ್ರದುರ್ಗದಿಂದ ನೀವು ಕಳಿಸಿದ ಲೇಖನ ಓದಿದೆ. ಹಿರಿಯ ಅಧಿಕಾರಿಗಳನ್ನು ಸಂಸತ್ತಿನ ಸಮಿತಿಗಳ ಮುಂದೆ ಕೂರಿಸಿ ಲೆಕ್ಕ ಕೇಳಬೇಕು ಅನ್ನುವುದು ನಿಮ್ಮ ವಾದ. ನಮ್ಮ ದಾವಣಗೆರೆಯ ಪತ್ರಿಕೆಗೆ ಇಂಥ ವಿಷಯ ಬರುವುದೇ ಅಪರೂಪ. ಚೆನ್ನಾಗಿ ಓದಿಕೊಂಡಿದ್ದೀರಿ, ಕಾಗುಣಿತವೂ ಶುದ್ಧ. ಆದರೂ ಈಗಿರುವ ಹಾಗೆ ಇದನ್ನು ಹಾಕಲಾರೆ.

ಎರಡನೇ ಪುಟ ತೆಗೆಯಿರಿ. "ಕೋಟ್ಯಂತರ ರೂಪಾಯಿ ಪೋಲಾಗಿದೆ. ನಿಯಮಗಳನ್ನು ಗಾಳಿಗೆ ತೂರಲಾಗಿದೆ. ಸಮಿತಿಯ ಗಮನಕ್ಕೆ ತರಲಾಗಿದ್ದರೂ ಕ್ರಮ ಕೈಗೊಳ್ಳಲಾಗಿಲ್ಲ." ಪೋಲು ಮಾಡಿದ್ದು ಯಾರು? ತೂರಿದ್ದು ಯಾರು? ಗಮನಕ್ಕೆ ತಂದದ್ದು ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯೋ, ಯಾರಾದರೂ ಸದಸ್ಯರೋ? ಕ್ರಮ ತೆಗೆದುಕೊಳ್ಳಬೇಕಿದ್ದದ್ದು ಯಾವ ಇಲಾಖೆ? ಹೊಣೆ ಯಾರದು ಅಂತ ಕೇಳುವ ಲೇಖನದಲ್ಲೇ ಹೊಣೆಗಾರ ಕಾಣೆಯಾದರೆ ನನಗೆ ಸಿಟ್ಟು ಬರುತ್ತದೆ. ಇದು ಕಡತದ ಭಾಷೆ. ನಾಳೆ ಯಾರೂ ತಮ್ಮನ್ನು ಹಿಡಿದು ಕೇಳಬಾರದು ಅಂತ ಕಚೇರಿಗಳಲ್ಲಿ ಹೀಗೆ ಬರೆಯುತ್ತಾರೆ. ನೀವ್ಯಾಕೆ ಬರೆಯಬೇಕು?

ಮುಂದಿನ ಸಾಲು: "ಅಧಿಕಾರಿಗಳು ಉತ್ತರ ಕೊಡಲೇಬೇಕು." ಯಾವ ಅಧಿಕಾರಿಗಳು? 2017ರ ಸಾಮಾನ್ಯ ಹಣಕಾಸು ನಿಯಮಗಳ 70ನೇ ನಿಯಮ ನೋಡಿ. ಕೇಂದ್ರದಲ್ಲಿ ಸಚಿವಾಲಯದ ಕಾರ್ಯದರ್ಶಿಯೇ ಅದರ ಮುಖ್ಯ ಲೆಕ್ಕ ಪ್ರಾಧಿಕಾರಿ. ಸರ್ಕಾರದ ಖರ್ಚು ಪರಿಶೀಲಿಸುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಅಂದರೆ ಪಿಎಸಿ ಕರೆದಾಗ ಹೋಗಿ ಉತ್ತರ ಹೇಳಬೇಕಾದವರು ಅವರು. ಇಷ್ಟು ಸ್ಪಷ್ಟವಾಗಿ ಬರೆದಿಟ್ಟಿರುವಾಗ "ಅಧಿಕಾರಿಗಳು" ಅಂತ ಸುಮ್ನೆ ಗುಂಪು ಕಟ್ಟಿದರೆ ಗುಮಾಸ್ತನೂ ಅದರಲ್ಲೇ ಸೇರಿಹೋಗುತ್ತಾನೆ, ಅಲ್ವಾ?

ಅದರ ಕೆಳಗಿನ ಸಾಲಂತೂ ನನ್ನನ್ನು ಬಹಳ ಕಾಡಿತು. "ಬ್ರಿಟನ್‌ನಲ್ಲಿ ಪೆರ್ಗಾವ್ ಅಣೆಕಟ್ಟೆಗೆ ನಿಯಮ ಮೀರಿ ಹಣ ನೀಡಲಾಯಿತು, ನಂತರ ತಪ್ಪು ಬಯಲಾಯಿತು." ಅಣೆಕಟ್ಟೆ ಇರುವುದು ಮಲೇಷ್ಯಾದಲ್ಲಿ. ಹಣ ಬ್ರಿಟನ್ನಿನದು, 23.4 ಕೋಟಿ ಪೌಂಡ್. ಅಲ್ಲಿನ ವಿದೇಶಿ ನೆರವು ಇಲಾಖೆಯ ಅತಿ ಹಿರಿಯ ಅಧಿಕಾರಿ ಟಿಮ್ ಲ್ಯಾಂಕೆಸ್ಟರ್. ಈ ಯೋಜನೆಗೆ ಹಣ ಸುರಿಯುವುದು ಸರಿಯಲ್ಲ ಅಂತ 1991ರಲ್ಲಿ ಅವರು ಆಕ್ಷೇಪ ಬರೆದರು. ಕೊಡಲೇಬೇಕು ಅನ್ನುವುದಾದರೆ ಬರಹದಲ್ಲಿ ಆದೇಶ ಕೊಡಿ ಅಂದರು. ಆದೇಶ ಬಂತು. ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ ಒಪ್ಪಿಗೆ ಕೊಟ್ಟಿದ್ದರು. 1993ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ವರದಿ ಕೊಟ್ಟರು. 1994ರಲ್ಲಿ ಲ್ಯಾಂಕೆಸ್ಟರ್ ಬ್ರಿಟನ್ನಿನ ಪಿಎಸಿ ಮುಂದೆ ಕೂತು ನಡೆದದ್ದನ್ನು ಹೇಳಿದರು. ಅದೇ ವರ್ಷ ಅಲ್ಲಿನ ಹೈಕೋರ್ಟ್ ಆ ನೆರವು ಕಾನೂನುಬಾಹಿರ ಅಂದಿತು. ಯಾರು ಬೇಡ ಅಂದರು, ಯಾರು ಕೊಡಿ ಅಂದರು, ಎರಡೂ ಕಾಗದದ ಮೇಲಿತ್ತು. ನಿಮ್ಮ ಇಡೀ ವಾದದ ಜೀವ ಇಲ್ಲಿದೆ. ಅದನ್ನು "ನೀಡಲಾಯಿತು", "ಬಯಲಾಯಿತು" ಅಂತ ಮುಗಿಸಿಬಿಟ್ಟಿದ್ದೀರಿ!

ನಮ್ಮಲ್ಲೂ 1968ರ ಅಖಿಲ ಭಾರತ ಸೇವೆಗಳ ನಡತೆ ನಿಯಮಗಳಿವೆ. ಮೇಲಿನವರ ಸೂಚನೆ ಸಾಮಾನ್ಯವಾಗಿ ಬರಹದಲ್ಲಿರಬೇಕು, ಬಾಯಿಮಾತಲ್ಲಿ ಹೇಳಿದ್ದರೆ ಆಮೇಲಾದರೂ ಬರೆದು ಖಚಿತಪಡಿಸಬೇಕು ಅನ್ನುತ್ತವೆ. ಪೆರ್ಗಾವ್ ಪಕ್ಕದಲ್ಲೇ ಇದು ಬರಬೇಕಿತ್ತು.

ನಾನು ಕೆಲಸ ಕಲಿತದ್ದು 1997ಕ್ಕೆ ಮುಂಚೆ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದಾಗ. ಪರಿಶೀಲನಾ ಸಭೆಗಳಿಗೆ ಬಸ್ಸು ಹತ್ತಿ ದುರ್ಗಕ್ಕೆ ಹೋಗಬೇಕಿತ್ತು. ನಮ್ಮ ಹಿರಿಯ ಉಪಸಂಪಾದಕರು ಒಂದು ಅಭ್ಯಾಸ ಹಾಕಿಸಿದ್ದರು. ನೋಟ್‌ಬುಕ್ಕಿನ ಹಾಳೆಯ ನಡುವೆ ಗೆರೆ ಎಳೆಯಬೇಕು. ಎಡಕ್ಕೆ ಕೇಳಿದವರು ಯಾರು, ಏನು ಕೇಳಿದರು. ಬಲಕ್ಕೆ ಉತ್ತರ ಕೊಟ್ಟವರು ಯಾರು, ಆ ಹುದ್ದೆಗೆ ಯಾವಾಗ ಬಂದರು. ಬಲಗಡೆ ಮತ್ತೆ ಮತ್ತೆ ಬರುತ್ತಿದ್ದ ಮಾತು ಒಂದೇ: "ನಾನು ಈಚೆಗೆ ಬಂದಿದ್ದೀನಿ ಸಾರ್, ಮಾಹಿತಿ ತರಿಸಿ ಕೊಡ್ತೀನಿ." ಕೆಲಸ ಕೆಟ್ಟಾಗ ಕುರ್ಚಿಯಲ್ಲಿದ್ದವರು ಅಷ್ಟರಲ್ಲಿ ಬೇರೆ ಜಿಲ್ಲೆಯಲ್ಲಿರುತ್ತಿದ್ದರು. ಈಗಿನ ಕೆಡಿಪಿ, ಅಂದರೆ ಅಭಿವೃದ್ಧಿ ಕೆಲಸಗಳ ಪ್ರಗತಿ ಪರಿಶೀಲನಾ ಸಭೆಗೆ ಹೋಗಿ ಕೂತರೂ ಇದು ಕೇಳಿಸುತ್ತದೆ. ದೆಹಲಿಯಲ್ಲೂ ಹೀಗೇ. ಸಿಎಜಿ ವರದಿ ಬಂದು ಪಿಎಸಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಎಷ್ಟೋ ಸಲ ಕಾರ್ಯದರ್ಶಿ ಬದಲಾಗಿರುತ್ತಾರೆ. ವರ್ಗಾವಣೆಯ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಮಾತೂ ಇಲ್ಲ.

ಇನ್ನೊಂದು. "ಸಮಿತಿಯ ಕಟಕಟೆಯಲ್ಲಿ ನಿಲ್ಲಿಸಿ ಶಿಕ್ಷಿಸಬೇಕು" ಅಂದಿದ್ದೀರಿ. ಪಿಎಸಿಯಲ್ಲಿ ಕಟಕಟೆ ಇಲ್ಲ. ಲೋಕಸಭೆಯ 15, ರಾಜ್ಯಸಭೆಯ 7 ಸದಸ್ಯರು ಕೂರುತ್ತಾರೆ. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ರೂಢಿಯಿದೆ. ಕಾರ್ಯದರ್ಶಿ ಬರುವುದು ಸಾಕ್ಷಿಯಾಗಿ. ಸಮಿತಿ ಶಿಫಾರಸು ಮಾಡುತ್ತದೆ, ಅದಕ್ಕೆ ಏನು ಮಾಡಿದಿರಿ ಅಂತ ಸರ್ಕಾರ ಆರು ತಿಂಗಳಲ್ಲಿ ಉತ್ತರಿಸಬೇಕು. ಶಿಫಾರಸು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ಬ್ರಿಟನ್‌ನಲ್ಲಿ ವಿಚಾರಣೆ ಜನರ ಕಣ್ಣೆದುರೇ ನಡೆಯುತ್ತದೆ, ನಮ್ಮಲ್ಲಿ ಮುಚ್ಚಿದ ಬಾಗಿಲ ಹಿಂದೆ. ನಿಮ್ಮ ಸಿಟ್ಟು ತಿರುಗಬೇಕಾದ್ದು ಆ ಬಾಗಿಲ ಕಡೆಗೆ.

ಕೊನೆಯಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ "5,300 ಕೋಟಿ ಘೋಷಿಸಲಾಯಿತು" ಅಂತ ಬರೆದಿದ್ದೀರಿ. ಘೋಷಿಸಿದ್ದು ನಿರ್ಮಲಾ ಸೀತಾರಾಮನ್. ನಿಮ್ಮ ಜಿಲ್ಲೆಯ ನೀರಿನ ಮಾತಿದು, ಅಲ್ಲಿಂದಲೇ ಲೇಖನ ಶುರು ಮಾಡಿ. ಜಲಶಕ್ತಿ ಸಚಿವಾಲಯದ ಅನುದಾನ ಬೇಡಿಕೆಗಳನ್ನು ಜಲಸಂಪನ್ಮೂಲ ಸ್ಥಾಯಿ ಸಮಿತಿ ಪರಿಶೀಲಿಸುತ್ತದೆ. ಅದರ ವರದಿಗಳು ಲೋಕಸಭೆಯ ಜಾಲತಾಣದಲ್ಲಿವೆ, ಅಧಿಕಾರಿಗಳು ಕೊಟ್ಟ ಉತ್ತರಗಳೂ ಅದರಲ್ಲಿರುತ್ತವೆ. 2023ರಿಂದ ಈಚಿನವನ್ನು ಇಳಿಸಿಕೊಂಡು ಓದಿ. ಈ ಯೋಜನೆ ಬಗ್ಗೆ ಯಾರಾದರೂ ಕೇಳಿದ್ದಾರಾ, ಉತ್ತರ ಕೊಟ್ಟವರು ಯಾವ ಹುದ್ದೆಯವರು ಅಂತ ನೋಡಿ. ಯಾರೂ ಕೇಳಿಲ್ಲದಿದ್ದರೆ ಅದನ್ನೇ ಬರೆಯಿರಿ. ಎರಡು ಪುಟ ಜಾಸ್ತಿಯಾದರೂ ಪರವಾಗಿಲ್ಲ, ಜಾಗ ಇಟ್ಟಿರುತ್ತೇನೆ.