ಲ್ಯಾಂಡಿಂಗ್‌ನಲ್ಲಿ ಬಾಲ ನೆಲಕ್ಕೆ ಉಜ್ಜಿದರೆ ವಿಮಾನಕ್ಕೆ ಏನಾಗುತ್ತದೆ?

"ಬಾಲ ರನ್‌ವೇಗೆ ತಾಗಿದರೆ ಬಣ್ಣ ಕಿತ್ತುಹೋಗುತ್ತದೆ ಅಷ್ಟೇ ಅಲ್ಲವೇ, ಅದಕ್ಕೆ ವಿಮಾನವನ್ನು ಯಾಕೆ ನಿಲ್ಲಿಸುತ್ತಾರೆ?" ಎಂದು ಕೇಳಿದ್ದೀರಿ. ಅಷ್ಟೇ ಅಲ್ಲ. ಕೆರೆದ ಗುರುತು ಚಿಕ್ಕದಿದ್ದರೂ ಒಳಗಿನ ಎಲುಬುಗಳಂಥ ಫ್ರೇಮ್, ಸ್ಟ್ರಿಂಗರ್‌ಗಳು (ಅಡ್ಡ ಮತ್ತು ಉದ್ದ ಪಟ್ಟಿಗಳು) ಬಾಗಿರಬಹುದು, ರಿವೆಟ್ ಸಡಿಲಾಗಿರಬಹುದು. ಇನ್ನೂ ಮುಖ್ಯವಾದದ್ದು ಕ್ಯಾಬಿನ್ನಿನ ಹಿಂಬದಿಯ ಗೋಡೆ, ಆಫ್ಟ್ ಪ್ರೆಷರ್ ಬಲ್ಕ್‌ಹೆಡ್. ಎತ್ತರದಲ್ಲಿ ಹಾರುವಾಗ ಅದರ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಐದೂವರೆ ಟನ್ ಒತ್ತಡ ಬೀಳುತ್ತದೆ, ಅದೂ ಪ್ರತಿ ಹಾರಾಟದಲ್ಲಿ.

ಬಾಲ ತಾಗುವುದು ಹೆಚ್ಚಾಗಿ ವೇಗ ಕಡಿಮೆಯಾದಾಗ. ಮೆತ್ತಗೆ ಇಳಿಸಬೇಕೆಂದು ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವುದು) ಎಳೆದಷ್ಟೂ ವೇಗ ಕುಸಿಯುತ್ತದೆ, ಮೂಗು ಮೇಲೇರುತ್ತದೆ. ಚಕ್ರ ಪುಟಿದಾಗಲಂತೂ ಅಪಾಯ ಇನ್ನೂ ಜಾಸ್ತಿ: ರೆಕ್ಕೆಯ ಮೇಲಿನ ಸ್ಪಾಯ್ಲರ್ ಫಲಕಗಳು ತೆರೆದು ಲಿಫ್ಟ್ (ಮೇಲೆತ್ತುವ ಬಲ) ಹೋಗಿರುತ್ತದೆ, ಎರಡನೇ ಪೆಟ್ಟು ತಗ್ಗಿಸಲು ಪೈಲಟ್ ಮೂಗು ಎತ್ತುತ್ತಾರೆ, ಬಾಲ ಬಡಿಯುತ್ತದೆ. ಉದ್ದನೆಯ ವಿಮಾನಗಳಲ್ಲಿ ಅವಕಾಶ ತೀರಾ ಕಡಿಮೆ. ಚಕ್ರಗಳ ಗೇರ್ ಪೂರ್ತಿ ಕುಗ್ಗಿದಾಗ ಮೂಗು 11.7 ಡಿಗ್ರಿ ಎದ್ದರೆ ಏರ್‌ಬಸ್ ಎ320ರ ಬಾಲ ನೆಲ ಮುಟ್ಟುತ್ತದೆ, ಅದಕ್ಕಿಂತ ಉದ್ದದ ಎ321ರದ್ದು 9.7 ಡಿಗ್ರಿಗೇ. ಹಾಗಾಗಿ ಎ321ರಲ್ಲಿ 7.5 ಡಿಗ್ರಿ ಮುಟ್ಟುತ್ತಿದ್ದಂತೆ ಪಕ್ಕದ ಪೈಲಟ್ "ಪಿಚ್" (ಮೂಗು ಎದ್ದಿರುವ ಕೋನ) ಎಂದು ಕೂಗಬೇಕು. 2023ರ ಜೂನ್ 15ರಂದು ಬೆಂಗಳೂರಿನಿಂದ ಹೋಗಿ ಅಹಮದಾಬಾದಿನಲ್ಲಿ ಇಳಿಯುವಾಗ ಬಾಲ ತಾಗಿಸಿಕೊಂಡದ್ದೂ ಎ321.

ನನ್ನನ್ನು ಕೇಳಿದರೆ, ಪೆಟ್ಟಿಗಿಂತ ಅರೆಬರೆ ರಿಪೇರಿಗೇ ಹೆಚ್ಚು ಹೆದರಬೇಕು. 1978ರ ಜೂನ್‌ನಲ್ಲಿ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ಒಸಾಕಾದಲ್ಲಿ ಹೀಗೆ ಬಾಲ ಉಜ್ಜಿತು. ಬೋಯಿಂಗ್ ತಂಡ ಬಲ್ಕ್‌ಹೆಡ್ ದುರಸ್ತಿ ಮಾಡುವಾಗ ಅಖಂಡವಾಗಿರಬೇಕಿದ್ದ ಜೋಡಣೆ ತಗಡನ್ನು ಎರಡು ತುಂಡಾಗಿ ಕೂರಿಸಿತು. ಎರಡು ಸಾಲು ರಿವೆಟ್ ಹೊರಬೇಕಾದ ಭಾರ ಒಂದೇ ಸಾಲಿನ ಮೇಲೆ ಬಿತ್ತು. 12 ಸಾವಿರಕ್ಕೂ ಹೆಚ್ಚು ಹಾರಾಟಗಳ ಬಳಿಕ, 1985ರ ಆಗಸ್ಟ್ 12ರಂದು ಬಲ್ಕ್‌ಹೆಡ್ ಸಿಡಿಯಿತು. ಬಾಲದ ರೆಕ್ಕೆ ಕಿತ್ತುಹೋಯಿತು, ನಾಲ್ಕೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದವು. 520 ಜನ ಸತ್ತರು. ಚೈನಾ ಏರ್‌ಲೈನ್ಸ್‌ನ 747 ಹಾಂಗ್‌ಕಾಂಗ್‌ನಲ್ಲಿ ಬಾಲ ಉಜ್ಜಿದ್ದು 1980ರಲ್ಲಿ. ಗೀರುಗಳನ್ನು ಪೂರ್ತಿ ತೆಗೆಯದೆ ಮೇಲೊಂದು ಡಬ್ಲರ್ ತಗಡು (ಬಲಕ್ಕೆಂದು ಹಾಕುವ ತೇಪೆ) ಹೊದಿಸಿದರು. ಅದರಡಿ ಬಿರುಕುಗಳು ಯಾರ ಕಣ್ಣಿಗೂ ಬೀಳದೆ ಬೆಳೆದು, 2002ರ ಮೇ 25ರಂದು ವಿಮಾನ ಆಕಾಶದಲ್ಲೇ ಚೂರಾಯಿತು. 225 ಜನ ಹೋದರು.

ಆದ್ದರಿಂದಲೇ ವಿಮಾನವನ್ನು ನಿಲ್ಲಿಸಿ, ಒಳಗಿನ ಹೊದಿಕೆ ಬಿಚ್ಚಿ ಬಲ್ಕ್‌ಹೆಡ್, ಫ್ರೇಮ್, ಎಪಿಯು (ಬಾಲದಲ್ಲಿರುವ ಸಹಾಯಕ ಎಂಜಿನ್) ಆಧಾರಗಳನ್ನು ನೋಡುತ್ತಾರೆ. ಕಣ್ಣಿಗೆ ಕಾಣದ ಬಿರುಕಿಗೆ ಎಡ್ಡಿ ಕರೆಂಟ್ (ಲೋಹದಲ್ಲಿ ವಿದ್ಯುತ್ ಪ್ರೇರಿಸಿ ಬಿರುಕು ಹುಡುಕುವ) ಪರೀಕ್ಷೆ ಮಾಡುತ್ತಾರೆ. ಗೀರಿನ ಆಳ ರಿಪೇರಿ ಕೈಪಿಡಿಯ ಮಿತಿ ದಾಟಿದ್ದರೆ ಆ ತಗಡನ್ನು ಕತ್ತರಿಸಿಯೇ ತೆಗೆಯಬೇಕು. ಬಾಲ ತಾಗಿದ ಮೇಲೆ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು) ಮಾಡಬೇಕಾಗಿ ಬಂದರೆ 10,000 ಅಡಿಗಿಂತ ಮೇಲೇರದೆ, ಕ್ಯಾಬಿನ್ನಿಗೆ ಒತ್ತಡ ತುಂಬದೆ ಬಂದು ಇಳಿಯಬೇಕು.