ಬೆಂಗಳೂರು–ಲಂಡನ್: 6 ಗಂಟೆ ಅಲ್ಲ, ಹತ್ತೂವರೆ

ಮಧ್ಯಾಹ್ನ 1ಕ್ಕೆ ಬೆಂಗಳೂರು ಬಿಟ್ಟು ಸಂಜೆ 7ಕ್ಕೆ ಲಂಡನ್ ಅಂತ ಟಿಕೆಟ್‌ನಲ್ಲಿದೆ, ಅಪ್ಪಾಜಿಗೆ ಬರೀ 6 ಗಂಟೆ ಪ್ರಯಾಣನಾ ಅಂತ ಕೇಳಿದ್ದೀರಿ. ಅಲ್ಲ ಸರ್. ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಟೈಮು. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ನೀವು ಹೇಳಿದ್ದು ಜೂನ್ ತಿಂಗಳ ಟಿಕೆಟ್. ಅಲ್ಲಿ ಸಂಜೆ 7 ಅಂದರೆ ಬಳ್ಳಾರಿಯಲ್ಲಿ ರಾತ್ರಿ ಹನ್ನೊಂದೂವರೆ. ಲೆಕ್ಕ ಹಾಕಿ, ಹತ್ತೂವರೆ ಗಂಟೆ ಆಯ್ತಲ್ವಾ?

ದೂರ ಸುಮಾರು 8,000 ಕಿ.ಮೀ. ವಾಪಸ್ ಬರುವಾಗ ಸ್ವಲ್ಪ ಬೇಗ ಬರ್ತಾರೆ. ಮೇಲೆ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತೆ, ವಿಮಾನವನ್ನು ಹಿಂದಿನಿಂದ ತಳ್ಳುತ್ತೆ.

ನಮ್ಮಮ್ಮ ಹೋದಾಗ ಕೈಗಡಿಯಾರ ಬದಲಾಯಿಸಲೇ ಇಲ್ಲ. ಅಲ್ಲಿ ಇಳಿದಾಗ ಕಿಟಕಿಯಾಚೆ ಇನ್ನೂ ಬಿಸಿಲು. ಇವರು ಮಾತ್ರ "ಮಲಗೋ ಹೊತ್ತು ಮೀರಿತು" ಅಂತ ಬ್ಯಾಗಿನಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದು ಕೂತರಂತೆ!

ಇನ್ನೊಂದು ಮಾತು. ಬಳ್ಳಾರಿಯಿಂದ ಕಾರಲ್ಲಿ ಹೋಗೋದಾದ್ರೆ ಅನಂತಪುರ, ಬಾಗೇಪಲ್ಲಿ, ಚಿಕ್ಕಬಳ್ಳಾಪುರದ ಮೇಲೆ ಹೋಗಿ. ಬೆಂಗಳೂರಿನ ಟ್ರಾಫಿಕ್‌ಗೆ ಸಿಗದೆ ಸೀದಾ ದೇವನಹಳ್ಳಿಗೆ ಬರ್ತೀರಿ. ಆದರೂ ಮುಂಜಾನೆ 4ಕ್ಕೇ ಮನೆ ಬಿಡಿ. ವಿದೇಶದ ವಿಮಾನಕ್ಕೆ 3 ಗಂಟೆ ಮುಂಚೆ ಅಲ್ಲಿರಬೇಕು.